ಹಿಂದಿನ ಹಾಳೆಯ ಬೆಳಕಲ್ಲಿ

ತಿಬಿಲಿಸಿಯ ಒಣಸೇತುವೆಯ ಸಂತೆಯಲ್ಲಿ
ನೆಲಕ್ಕೆ ಹಾಸಿದ ಕಂಬಳಿಯ ಮೇಲೆ
ಸೋವಿಯತ್ ಕಾಲದ ಕ್ಯಾಮೆರಾ, ಹಲ್ಲಿನ ಡಾಕ್ಟರ ಇಕ್ಕಳ,
ಜೊತೆ ತಪ್ಪಿದ ಚಮಚಗಳ ನಡುವೆ
ಬೋರಲು ಮಲಗಿತ್ತು ನನ್ನ ಎರಡನೆಯ ಕಾದಂಬರಿ.

ಬೆನ್ನು ನೋಡಿಯೇ ಗುರುತು ಹಿಡಿದೆ,
ಹೆತ್ತ ಮಗುವಿನ ನಡಿಗೆಯನ್ನು ದೂರದಿಂದ ಹಿಡಿಯುವಂತೆ.
ಅಲ್ಲ, ಅಷ್ಟು ದೊಡ್ಡ ಮಾತು ಬೇಡ.
ಕಳೆದುಹೋದ ಕೊಡೆ ಇನ್ನೊಬ್ಬರ ಕೈಯಲ್ಲಿ ಕಂಡಂತೆ.

"ಎಷ್ಟು?"
ಮಾರುವವ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ.
"ಎರಡು ಬಿಲ್ಲೆ. ಇಕ್ಕಳ ಕೊಂಡರೆ ಪುಸ್ತಕ ಬಿಟ್ಟಿ."
ಬರೆದವನು ನಾನೇ ಎನ್ನಲು ಬಾಯಿ ತೆರೆದು
ಮುಚ್ಚಿದೆ. ಬೆಲೆ ಇನ್ನೂ ಇಳಿದೀತು.

ಒಳಗೆ ಯಾರದೋ ಫೋನ್ ನಂಬರು, ಆರೇ ಅಂಕಿಯ ಕಾಲದ್ದು.
ಆಕ್ರೋಟು ಅರೆದು ತುಂಬುವ ಬದನೆಕಾಯಿಗೆ
ಬೆಳ್ಳುಳ್ಳಿ ಎಷ್ಟು ಎಸಳು ಎಂಬ ಲೆಕ್ಕ.
ನಲವತ್ತೊಂದನೆಯ ಪುಟದ ಅಂಚಿಗೆ
ಪೆನ್ಸಿಲಿನ ಒಂದೇ ಪದ: ಸುಳ್ಳು.
ನಾನು ಅತ್ತುಕೊಂಡು ಬರೆದ ಪುಟ ಅದು.
ನಿಂತಲ್ಲೇ ಮತ್ತೆ ಓದಿದೆ, ಗಾಳಿಗೆ ಹಾಳೆ ಅದುಮಿ ಹಿಡಿದು.
ಸುಳ್ಳೇ.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು
ಹಳೇ ನಲ್ಲಿಯೊಂದಕ್ಕೆ ತಿರುಪು ಹುಡುಕುತ್ತಿದ್ದವನು,
ಗೆಲಾ ಅಂತೆ, ಕೊಳಾಯಿ ರಿಪೇರಿಯವನು,
ತಲೆಯೆತ್ತಿ ನೋಡಿ ನಕ್ಕ.
"ಈ ಪುಸ್ತಕ ನಮ್ಮನೇಲೂ ಇತ್ತು.
ತಿಂದುಬಿಟ್ಟೆವು."

ಕರೆಂಟಿಲ್ಲದ, ಗ್ಯಾಸಿಲ್ಲದ, ಬ್ರೆಡ್ಡಿಗೆ ನಡುರಾತ್ರಿಯಿಂದ
ಸಾಲು ನಿಲ್ಲುತ್ತಿದ್ದ ಆ ಚಳಿಗಾಲ.
ನನಗೂ ಗೊತ್ತು. ನಾನೂ ಸುಟ್ಟಿದ್ದೇನೆ.
ಮೊದಲು ನೆಲದ ಹಲಗೆ, ಆಮೇಲೆ ಪಕ್ಷದ ಸಂಪುಟಗಳು,
ಆಮೇಲೆ ಗೆಳೆಯರ ಕವಿತೆ. ಅವು ಬೇಗ ಮುಗಿದವು.

"ಅಮ್ಮ ತ್ಸಿಯಾಲಾಳದು ಒಂದೇ ಕಟ್ಟಳೆ:
ಓದದ ಹಾಳೆಯನ್ನು ಒಲೆಗೆ ಹಾಕಬಾರದು.
ಹರಿ, ಓದು, ಉಂಡೆ ಮಾಡು, ಒಳಗೆ ಹಾಕು.
ಈ ಹಾಳೆ ಓದಲು ಬೇಕಾದ ಬೆಳಕು
ಹಿಂದಿನ ಹಾಳೆ ಉರಿಯುವಷ್ಟು ಹೊತ್ತು ಮಾತ್ರ.
ಈ ಪುಣ್ಯಾತ್ಮನಿಗೋ ಉದ್ದುದ್ದ ವಾಕ್ಯದ ಚಟ,
ಕ್ರಿಯಾಪದ ಬರುವ ಮೊದಲೇ ಕತ್ತಲೆ."

ನಾನು ಕೆಮ್ಮಿದೆ. "ಕೊನೆ ಹೇಗಿತ್ತು?"

"ಕೊನೆಯ ಹಾಳೆಗಳನ್ನು ಅಜ್ಜಿ ಕೋಳಿ ಕೂಗುವ ಮೊದಲೇ
ತಮ್ಮನ ಹಾಲಿಗೆ ಉರಿಸಿಬಿಟ್ಟಿದ್ದಳು. ಜ್ವರ ಅವನಿಗೆ.
ಆ ರಾತ್ರಿ ಅಮ್ಮ ಕತ್ತಲಲ್ಲೇ ಕೊನೆ ಹೇಳಿದಳು:
ದೋಣಿಯವ ಬರುತ್ತಾನೆ. ಬಾಗಿಲಲ್ಲಿ ಬೂಟು ಬಿಚ್ಚುತ್ತಾನೆ.
ಯಾರೂ ಏನೂ ಕೇಳುವುದಿಲ್ಲ.
ತಟ್ಟೆಗೆ ಬೀನ್ಸ್ ಬಡಿಸುತ್ತಾರೆ."

ನನ್ನ ಪುಸ್ತಕದಲ್ಲಿ ಅವನು ಮುಳುಗುತ್ತಾನೆ.
ಮುಳುಗಿಸಲು ನನಗೆ ಹನ್ನೆರಡು ಪುಟ ಬೇಕಾಯಿತು,
ವಿಮರ್ಶಕರು ತಲೆದೂಗಿದ ಹನ್ನೆರಡು ಪುಟ,
ಒಂದು ಲೋಟ ಹಾಲು ಕಾಯಿಸಿದ ಆರು ಹಾಳೆ.

"ತಮ್ಮ?"
"ಬಟುಮಿಯಲ್ಲಿದ್ದಾನೆ. ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ.
ದಪ್ಪಗಾಗಿದ್ದಾನೆ."

ಬರಹದ ಒಂದೊಂದು ಗುರುತಿಗೂ
ಅಳಿಯದ್ದು ಎಂದೇ ಹೆಸರಿಟ್ಟ ಭಾಷೆಯೊಂದು
ಎಲ್ಲೋ ದೂರದಲ್ಲಿದೆಯಂತೆ.
ಚಳಿಗೆ ಅಲ್ಲಿಯವರು ಒಲೆಗೆ ಏನು ಹಾಕುತ್ತಾರೋ.

"ನೀವು ಕೊಳ್ಳುತ್ತೀರಾ? ಇಲ್ಲವಾದರೆ ಅಮ್ಮನಿಗೆ ಒಯ್ಯುತ್ತೇನೆ.
ಅವನು ಏನು ಬರೆದಿದ್ದನೋ ಅಂತ
ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ."

ಅವನು ಮತ್ತೆ ತಿರುಪಿಗೆ ಬಗ್ಗಿದ.
ನಾನು ಸೇತುವೆಯ ಕಟಾಂಜನದ ಕಡೆ ತಿರುಗಿದೆ.
ಹಳೇ ಗೋಂದು, ಸದ್ದೇ ಆಗಲಿಲ್ಲ.
ಎರಡು ಬಿಲ್ಲೆ ಕೊಟ್ಟು, ಪುಸ್ತಕವನ್ನು ಅವನ ಕೈಗಿಟ್ಟೆ.

"ಕೊನೆ ಹರಿದುಹೋಗಿದೆ" ಎಂದೆ.
"ಹಳೇ ಪುಸ್ತಕ ಅಲ್ವೇ" ಎಂದ ಗೆಲಾ,
ಚೀಲದಲ್ಲಿ ಪೈಪುಗಳ ಮಧ್ಯೆ ಜಾಗ ಮಾಡಿ.

ಕೋಟಿನ ಜೇಬಿನಲ್ಲಿ ಮುಳುಗುತ್ತಲೇ ಇದ್ದಾನೆ ದೋಣಿಯವ.
ಮನೆಯಲ್ಲೀಗ ರೇಡಿಯೇಟರು. ಒಲೆಯಿಲ್ಲ.